ಚಳಿ ಹಿಂದೆ ಸರಿಯುವ ಕಾಲ: ಹವಾಮಾನ ಮುನ್ಸೂಚನೆ ಮತ್ತು ದಾಸ್ತಾನಿನ ಲೆಕ್ಕ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಾಡಿನ ಹಳೆಯ ಮಾತು. ಈ ಮಾತನ್ನೇ ಆಧಾರವಾಗಿಟ್ಟುಕೊಂಡು ಉತ್ತರ ಕರ್ನಾಟಕದ ವರ್ತಕರು ತಲೆಮಾರುಗಳಿಂದ ಖರೀದಿ, ಶೇಖರಣೆ ಹಾಗೂ ಮಾರಾಟದ ವೇಳಾಪಟ್ಟಿಯನ್ನು ಹೊಂದಿಸಿಕೊಂಡು ಬಂದಿದ್ದಾರೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಚಳಿ ಶಿವರಾತ್ರಿಯವರೆಗೆ ಕಾಯುತ್ತಿಲ್ಲ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನವು 29.54 ಡಿಗ್ರಿ ಸೆಲ್ಸಿಯಸ್ ತಲುಪಿ, 1901ರಿಂದ ಅಲ್ಲಿಯವರೆಗಿನ ಫೆಬ್ರವರಿಗಳಲ್ಲಿಯೇ ಅತ್ಯಧಿಕವೆನಿಸಿತು. ದಿನದ ಒಟ್ಟು ಸರಾಸರಿ ತಾಪಮಾನದ ದೃಷ್ಟಿಯಿಂದ 2025ರ ಫೆಬ್ರವರಿಯು ಅಂತಹದೇ ದಾಖಲೆಯನ್ನು ಬರೆಯಿತು. ಚಳಿ ಹದಿನೈದು ದಿನ ಮೊದಲೇ ಹೋದರೆ ಸರಕಿನ ತೂಕ, ಗುಣಮಟ್ಟ, ಬೇಡಿಕೆ ಮೂರೂ ಬದಲಾಗುತ್ತವೆ. ಈ ಬದಲಾವಣೆಯು ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯುವುದು ಪ್ರತಿಯೊಬ್ಬ ವರ್ತಕನಿಗೂ ಅವಶ್ಯ.

ಚಳಿಯ ಏರಿಳಿತಕ್ಕೆ ಕಾರಣ

ಬೀದರ್, ಕಲಬುರಗಿ, ವಿಜಯಪುರ, ಧಾರವಾಡ ಮೊದಲಾದ ಜಿಲ್ಲೆಗಳು ಹವಾಮಾನ ಇಲಾಖೆಯ ‘ಉತ್ತರ ಒಳನಾಡು’ ಉಪವಿಭಾಗಕ್ಕೆ ಸೇರಿವೆ. ಸಮುದ್ರದಿಂದ ದೂರವಿರುವ ಈ ಪ್ರಸ್ಥಭೂಮಿಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಆಕಾಶವು ನಿರ್ಮಲವಾಗಿಯೂ ಗಾಳಿಯು ಒಣದಾಗಿಯೂ ಇರುತ್ತದೆ. ಹಗಲು ಕಾಯ್ದ ನೆಲವು ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಹೊರಸೂಸುವುದರಿಂದ ಕನಿಷ್ಠ ತಾಪಮಾನವು ತೀವ್ರವಾಗಿ ಇಳಿಯುತ್ತದೆ. ಉತ್ತರ ಭಾರತದ ಮೇಲೆ ಪಶ್ಚಿಮದ ಕ್ಷೋಭೆಗಳು ಹಾದುಹೋದ ನಂತರ ದಕ್ಷಿಣದತ್ತ ಇಳಿಯುವ ತಂಪುಗಾಳಿಯು ಇದಕ್ಕೆ ಸೇರಿದಾಗ ಚಳಿ ಮತ್ತಷ್ಟು ಹೆಚ್ಚುತ್ತದೆ.

ಗಾಳಿಯ ದಿಕ್ಕು ಬದಲಾಗಿ ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಬಂದೊಡನೆ ಮೋಡ ಕವಿಯುತ್ತದೆ. ಮೋಡವು ನೆಲಕ್ಕೆ ಹೊದಿಸಿದ ಕಂಬಳಿಯಂತೆ ವರ್ತಿಸುವುದರಿಂದ ರಾತ್ರಿಯ ಚಳಿ ಎರಡು ಮೂರು ದಿನಗಳಲ್ಲಿಯೇ ತಗ್ಗಬಹುದು. ಇದು ತಾತ್ಕಾಲಿಕ ಏರಿಕೆ. ಸೂರ್ಯನು ಉತ್ತರಕ್ಕೆ ಸರಿದು ಹಗಲು ದೀರ್ಘವಾದಂತೆ ಫೆಬ್ರವರಿಯಲ್ಲಿ ಗರಿಷ್ಠ ತಾಪಮಾನ ಏರುವುದು ಸ್ಥಿರ ಏರಿಕೆ. ಈ ಎರಡರ ನಡುವಿನ ವ್ಯತ್ಯಾಸವನ್ನು ವರ್ತಕರು ಗಮನಿಸಬೇಕು. ಮೋಡ ಸರಿದ ಮೇಲೆ ಚಳಿ ಮರಳಬಹುದು. ಋತುವೇ ಸರಿದ ಮೇಲೆ ಮರಳುವುದಿಲ್ಲ.

ಮುನ್ಸೂಚನೆಯನ್ನು ಓದುವ ಕ್ರಮ

ಪತ್ರಿಕೆಯಲ್ಲಿ ‘ವಾಡಿಕೆಗಿಂತ ಕಡಿಮೆ’ ಎಂದು ಓದಿದಾಗ ‘ವಾಡಿಕೆ’ ಎಂಬುದು ಕಳೆದ ವರ್ಷದ ತಾಪಮಾನವಲ್ಲ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಮೂವತ್ತು ವರ್ಷಗಳ ಸರಾಸರಿ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಿಂದ 6.4 ಡಿಗ್ರಿಯಷ್ಟು ಇಳಿದಿದ್ದರೆ ಅದನ್ನು ಶೀತ ಅಲೆ ಎಂದೂ, 6.4 ಡಿಗ್ರಿಗಿಂತ ಹೆಚ್ಚು ಇಳಿದಿದ್ದರೆ ತೀವ್ರ ಶೀತ ಅಲೆ ಎಂದೂ ಇಲಾಖೆಯು ವರ್ಗೀಕರಿಸುತ್ತದೆ.

ಮುನ್ಸೂಚನೆಗಳು ಮುಖ್ಯವಾಗಿ ಮೂರು ಬಗೆಯವು:

1. ಕೆಲವೇ ದಿನಗಳ ಜಿಲ್ಲಾವಾರು ಮುನ್ಸೂಚನೆ. ಸರಕು ಸಾಗಣೆ, ಕಣದಲ್ಲಿ ಒಣಗಿಸುವಿಕೆ, ತಾಡಪತ್ರಿಯ ವ್ಯವಸ್ಥೆ ಇವುಗಳಿಗೆ ಇದು ಸಾಕು.

2. ಪ್ರತಿ ಗುರುವಾರ ಹೊರಬೀಳುವ, ಮುಂದಿನ ವಾರಗಳ ಒಲವನ್ನು ತಿಳಿಸುವ ವಿಸ್ತೃತ ಮುನ್ಸೂಚನೆ. ಖರೀದಿ ಹಾಗೂ ಮಾರಾಟದ ಪ್ರಮಾಣವನ್ನು ನಿರ್ಧರಿಸಲು ಇದು ಉಪಯುಕ್ತ.

3. ತಿಂಗಳ ಮತ್ತು ಋತುವಿನ ಮುನ್ನೋಟ. ಇದು ಸಂಭವನೀಯತೆಯ ಭಾಷೆಯಲ್ಲಿರುತ್ತದೆ. ಬಂಡವಾಳದ ಸ್ಥೂಲ ಯೋಜನೆಗೆ ಮಾತ್ರ ಇದನ್ನು ಬಳಸಬೇಕು.

ಮೂರನೆಯದನ್ನು ಖಚಿತ ವಚನವೆಂದು ನಂಬಿ ಸಾಲ ಮಾಡುವುದು ಅಪಾಯಕರ. ಇದಕ್ಕೆ 2025ನೆಯ ವರ್ಷವೇ ನಿದರ್ಶನ. ಫೆಬ್ರವರಿಯ ದಾಖಲೆಯ ಸೆಕೆಯನ್ನು ಕಂಡು ಕಡು ಬೇಸಿಗೆಯನ್ನು ನಿರೀಕ್ಷಿಸಿದವರಿಗೆ ಮೇ ತಿಂಗಳು ಮಳೆಯನ್ನು ತಂದಿತು. ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಏರ್ ಕೂಲರ್, ಏರ್ ಕಂಡೀಷನರ್‌ಗಳ ಬೇಡಿಕೆ ಕುಗ್ಗಿ ದಾಸ್ತಾನು ಉಳಿಯಿತು.

ಸರಕುಗಳ ಮೇಲಿನ ಪರಿಣಾಮ

ಎಲ್ಲ ಸರಕುಗಳಿಗೂ ಸೆಕೆಯು ಒಂದೇ ಫಲವನ್ನು ಕೊಡುವುದಿಲ್ಲ. ಕಡಲೆ ಹಾಗೂ ಹಿಂಗಾರಿ ಜೋಳಕ್ಕೆ ಕಾಳು ತುಂಬುವ ಹಂತದಲ್ಲಿ ತಂಪು ಬೇಕು. ಬಿಸಿ ಬೇಗ ಏರಿದರೆ ಕಾಳು ಸಣ್ಣದಾಗಿ ಇಳುವರಿ ತಗ್ಗುತ್ತದೆ. ಕಬ್ಬಿನಲ್ಲಿ ಸಕ್ಕರೆಯ ಅಂಶ ಚಳಿಯಲ್ಲಿ ಹೆಚ್ಚುತ್ತದೆ. ಬಿಸಿಲು ಏರಿದ ಮೇಲೆ ಕಡಿದ ಕಬ್ಬು ಗಾಣವನ್ನು ತಲುಪಲು ತಡವಾದರೆ ತೂಕ ಮತ್ತು ಸಕ್ಕರೆ ಎರಡೂ ಕಡಿಮೆಯಾಗುತ್ತವೆ. ವಿಜಯಪುರ, ಬಾಗಲಕೋಟೆಗಳ ಒಣದ್ರಾಕ್ಷಿ ತಯಾರಕರಿಗೆ ಮಾತ್ರ ಒಣ ಬಿಸಿ ಗಾಳಿಯೇ ಬಂಡವಾಳ; ಅವರಿಗೆ ಭಯವಿರುವುದು ಅಕಾಲದ ಮೋಡ ಮತ್ತು ಹನಿಯಿಂದ. ಧಾರವಾಡದ ಆಪೂಸು ಮಾವಿಗೆ ಹೂ ಬಿಡಲು ತಂಪು ರಾತ್ರಿಗಳು ಬೇಕು. ಉಣ್ಣೆ ಬಟ್ಟೆ, ಕಂಬಳಿ, ಸ್ವೆಟರ್‌ಗಳ ವ್ಯಾಪಾರಿಗೆ ಚಳಿ ಹೋಯಿತೆಂದರೆ ಹಣವು ಮುಂದಿನ ಚಳಿಗಾಲದವರೆಗೆ ಕಪಾಟಿನಲ್ಲಿ ಉಳಿಯಿತೆಂದೇ ಅರ್ಥ.

ಹವಾಮಾನವು ಸರ್ಕಾರದ ನೀತಿಯನ್ನೂ ಬದಲಿಸಬಲ್ಲದು. 2022ರ ಮಾರ್ಚ್ ತಿಂಗಳ ಅಸಾಧಾರಣ ಬಿಸಿಲಿನಿಂದ ಉತ್ತರದ ಗೋಧಿ ಬೆಳೆ ಕುಗ್ಗಿ, ಬೆಲೆಯೂ ಏರಿದ್ದರಿಂದ ಅದೇ ವರ್ಷ ಮೇ 13ರಂದು ಗೋಧಿಯ ರಫ್ತನ್ನು ನಿಷೇಧಿಸಲಾಯಿತು. ರಫ್ತಿನ ಭರವಸೆಯಿಂದ ದಾಸ್ತಾನು ಮಾಡಿದವರ ಲೆಕ್ಕ ಒಂದೇ ದಿನದಲ್ಲಿ ತಲೆಕೆಳಗಾಯಿತು.

ಒಂದು ಉದಾಹರಣೆ

ಒಣ ಮೆಣಸಿನಕಾಯಿಯ ವರ್ತಕನೊಬ್ಬನು ಡಿಸೆಂಬರ್ ಕೊನೆಯಲ್ಲಿ 100 ಕ್ವಿಂಟಾಲ್ ಸರಕನ್ನು ಕ್ವಿಂಟಾಲಿಗೆ 15,000 ರೂ.ಗಳಂತೆ ಕೊಂಡನೆಂದು ಭಾವಿಸೋಣ. ಒಟ್ಟು ಖರೀದಿ 15,00,000 ರೂ. ಇಬ್ಬನಿಯ ದಿನಗಳಾದುದರಿಂದ ಸರಕಿನ ತೇವಾಂಶ ಶೇ. 14ರಷ್ಟಿದೆ. ಒಣಗಿಸಿ ಶೇಖರಿಸುವ ವೇಳೆಗೆ ಅದು ಶೇ. 10ಕ್ಕೆ ಇಳಿಯುತ್ತದೆ. ತೇವಾಂಶ ಶೇ. 4 ಇಳಿದರೆ ತೂಕವೂ ಶೇ. 4 ಇಳಿಯುತ್ತದೆಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಬದಲಾಗದೆ ಉಳಿಯುವುದು 86 ಕ್ವಿಂಟಾಲ್ ಒಣ ಅಂಶ. ಹೊಸ ತೂಕದಲ್ಲಿ ಅದು ಶೇ. 90ರಷ್ಟಾಗುವುದರಿಂದ ಉಳಿಯುವ ಸರಕು 95.56 ಕ್ವಿಂಟಾಲ್. ನಷ್ಟ 4.44 ಕ್ವಿಂಟಾಲ್. ಇದರಿಂದಾಗಿ ಉಳಿದ ಪ್ರತಿ ಕ್ವಿಂಟಾಲಿನ ಖರೀದಿ ವೆಚ್ಚವೇ ಸುಮಾರು 15,698 ರೂ. ಆಗುತ್ತದೆ.

ಮೂರು ತಿಂಗಳಿಗೆ ಶೇ. 12ರ ವಾರ್ಷಿಕ ದರದಲ್ಲಿ ಬಡ್ಡಿ 45,000 ರೂ., ಶೈತ್ಯಾಗಾರದ ಬಾಡಿಗೆ ಮತ್ತು ಹಮಾಲಿ 24,000 ರೂ. ಎಂದಿಟ್ಟುಕೊಂಡರೆ ಒಟ್ಟು ಹೊರೆ 15,69,000 ರೂ. ಲಾಭನಷ್ಟವಿಲ್ಲದೆ ಹೊರಬರಲು ಕ್ವಿಂಟಾಲಿಗೆ ಸುಮಾರು 16,420 ರೂ. ದೊರೆಯಬೇಕು. ಅಂದರೆ ಧಾರಣೆಯು ಸುಮಾರು ಶೇ. 9.5ರಷ್ಟು ಏರಿದ ನಂತರವೇ ಲಾಭದ ಮಾತು.

ಮಾರ್ಚ್ 31ರ ಮೌಲ್ಯಮಾಪನ

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕು. ತಯಾರಿಕೆಯ ಮುಂದಿನ ಹಂತಕ್ಕೆ ಅಗತ್ಯವಲ್ಲದ ಶೇಖರಣಾ ವೆಚ್ಚವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಬಡ್ಡಿಯನ್ನೂ ಸಾಮಾನ್ಯವಾಗಿ ಸೇರಿಸುವುದಿಲ್ಲ. ಅವು ಆಯಾ ವರ್ಷದ ಖರ್ಚು.

ಮೇಲಿನ ಉದಾಹರಣೆಯಲ್ಲಿ ಮಾರ್ಚ್ 31ರಂದು ಧಾರಣೆ 15,200 ರೂ. ಇದ್ದಿತೆನ್ನೋಣ. ಖರೀದಿ ದರಕ್ಕಿಂತ 200 ರೂ. ಹೆಚ್ಚಾಗಿರುವುದರಿಂದ ವರ್ತಕನು ತಾನು ಲಾಭದಲ್ಲಿರುವೆನೆಂದು ಭಾವಿಸುವುದು ಸಹಜ. ಆದರೆ 95.56 ಕ್ವಿಂಟಾಲಿನ ಮೌಲ್ಯ ಸುಮಾರು 14,52,444 ರೂ. ಮಾತ್ರ. ಮಾರಾಟದ ಖರ್ಚನ್ನು ಕಳೆಯುವ ಮೊದಲೇ 47,556 ರೂ. ನಷ್ಟ, ಬಡ್ಡಿ, ಬಾಡಿಗೆ ಸೇರಿ ವರ್ಷದ ಲೆಕ್ಕಕ್ಕೆ ಬೀಳುವ ಹೊರೆ 1,16,556 ರೂ. ಧಾರಣೆ ಏರಿದರೂ ನಷ್ಟವಾಗುವುದೆಂದರೆ ಇದೇ.

ಬ್ಯಾಂಕು ಮತ್ತು ತೆರಿಗೆ

ಬ್ಯಾಂಕಿಗೆ ಸಲ್ಲಿಸುವ ಮಾಸಿಕ ದಾಸ್ತಾನು ಪಟ್ಟಿಯಲ್ಲಿ ಖರೀದಿಯ ತೂಕವನ್ನೇ ತಿಂಗಳುಗಟ್ಟಲೆ ಮುಂದುವರಿಸುವ ರೂಢಿ ಹಲವೆಡೆ ಇದೆ. ತಪಾಸಣೆಯ ದಿನ ತೂಕ ಕಡಿಮೆ ಬಂದರೆ ಅದು ಒಣಗಿದ ತೂಕವೆಂದು ಸಾಧಿಸುವ ಹೊಣೆ ವರ್ತಕನದಾಗುತ್ತದೆ. ಖರೀದಿಯ ದಿನ ಮತ್ತು ಶೇಖರಣೆಯ ದಿನದ ತೂಕ, ತೇವಾಂಶಗಳ ದಾಖಲೆಯನ್ನು ತೂಕದ ಚೀಟಿಯೊಂದಿಗೆ ಇಡುವುದು ಇದಕ್ಕೆ ಸರಳ ಪರಿಹಾರ.

ಮುಂಗಡ ತೆರಿಗೆಯ ಕೊನೆಯ ಕಂತು ಮಾರ್ಚ್ 15ಕ್ಕೆ ಸಲ್ಲಬೇಕು. ಡಿಸೆಂಬರ್‌ನಲ್ಲಿ ಮಾಡಿದ ಲಾಭದ ಅಂದಾಜನ್ನು ಫೆಬ್ರವರಿ ಕೊನೆಯ ಧಾರಣೆ ಮತ್ತು ತೂಕದೊಂದಿಗೆ ಹೋಲಿಸಿ ತಿದ್ದಿಕೊಂಡರೆ ಹೆಚ್ಚು ತೆರಿಗೆ ಕಟ್ಟಿ ಮರುಪಾವತಿಗೆ ಕಾಯುವುದೂ ತಪ್ಪುತ್ತದೆ, ಕಡಿಮೆ ಕಟ್ಟಿ ಬಡ್ಡಿ ತೆರುವುದೂ ತಪ್ಪುತ್ತದೆ.

ಉಳಿದ ಉಣ್ಣೆ ಬಟ್ಟೆಯನ್ನು ರಿಯಾಯಿತಿ ದರದಲ್ಲಿ ಮಾರಿದರೆ ಖರೀದಿಯ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ಜಮೆಯನ್ನು ಅದೊಂದೇ ಕಾರಣಕ್ಕೆ ಹಿಂದಿರುಗಿಸಬೇಕಿಲ್ಲ. ಅದೇ ಸರಕು ನುಸಿ ಹಿಡಿದು ನಾಶವಾಗಿ ಲೆಕ್ಕದಿಂದ ತೆಗೆದುಹಾಕಿದರೆ ಆ ಜಮೆಯನ್ನು ಹಿಂದಿರುಗಿಸಲೇಬೇಕು. ಆದುದರಿಂದ ಚಳಿ ಹಿಂದೆ ಸರಿಯುವ ಮೊದಲ ಸೂಚನೆ ದೊರೆತಾಗಲೇ ಅಲ್ಪ ಲಾಭಕ್ಕೆ, ಅಗತ್ಯಬಿದ್ದರೆ ಅಲ್ಪ ನಷ್ಟಕ್ಕೆ, ಸರಕನ್ನು ಸಾಗಿಸುವುದೇ ಲೇಸು.

ಸಾರಾಂಶ

ಜನವರಿ ಮಧ್ಯದಿಂದ ಪ್ರತಿ ಗುರುವಾರದ ಮುನ್ಸೂಚನೆಯನ್ನು ಓದಬೇಕು. ಮೋಡದಿಂದಾದ ಏರಿಕೆಯನ್ನು ಋತುವಿನ ಏರಿಕೆಯಿಂದ ಬೇರ್ಪಡಿಸಬೇಕು. ತೇವಾಂಶವನ್ನು ಅಳೆದು ಬರೆದಿಡಬೇಕು. ಸಮಸ್ಥಿತಿಯ ದರವನ್ನು ಸರಕು ಕೊಳ್ಳುವ ದಿನವೇ ಲೆಕ್ಕ ಹಾಕಬೇಕು. ಚಳಿಯ ಬರುಹೋಗನ್ನು ತಡೆಯುವ ಶಕ್ತಿ ಯಾವ ವರ್ತಕನಿಗೂ ಇಲ್ಲ. ಅದು ಹೋಗುವಾಗ ಎಷ್ಟು ಕ್ವಿಂಟಾಲ್ ತೂಕವನ್ನು ತನ್ನೊಡನೆ ಒಯ್ಯುತ್ತದೆ ಎಂಬುದನ್ನು ಮಾತ್ರ ಆತನು ಮೊದಲೇ ತಿಳಿದಿರಬಹುದು.