ಅಘನಾಶಿನಿಯಲ್ಲಿ ಕಲಿತ ಈಜು

ಅಕ್ಕಾ, ನಾವು ಅಮೆರಿಕದ ಟಕೋಮಾಕ್ಕೆ ಬಂದು ಆರು ವರ್ಷ. ನಮ್ಮವರು ಕುಮಟಾ ಕಡೆಯವರು, ಅಘನಾಶಿನಿ ದಂಡೆಯಲ್ಲೇ ಬೆಳೆದವರು. ಹೋದ ವರ್ಷ ಗಾಳದ ಹುಚ್ಚು ಮತ್ತೆ ಹತ್ತಿ ಒಂದು ಕಯಾಕ್ ಕೊಂಡರು. ಶನಿವಾರ ಬೆಳಕು ಹರಿಯುವ ಮುಂಚೆಯೇ ಒಬ್ಬರೇ ಹೊರಟುಬಿಡುತ್ತಾರೆ. ಮೈಮೇಲೆ ಜೀನ್ಸು, ಹುಡಿ, ಅದರ ಮೇಲೊಂದು ರೇನ್‌ಕೋಟು. ಲೈಫ್ ಜಾಕೆಟ್ಟು ಸೀಟಿನ ಹಿಂದೆ ಸಿಕ್ಕಿಸಿದ್ದು ಅಲ್ಲೇ ಇರುತ್ತದೆ. ಕೇಳಿದರೆ, "ನಾಲ್ಕನೇ ಕ್ಲಾಸಿನಲ್ಲೇ ಹೊಳೆ ಈಜಿ ದಾಟಿದವ ನಾನು" ಅನ್ನುತ್ತಾರೆ. ಆಫೀಸಿನವರೊಬ್ಬರು ಡ್ರೈಸೂಟ್ ಇಲ್ಲದೆ ಹೋಗಬೇಡ ಅಂದರಂತೆ. ಬೆಲೆ ನೋಡಿದರೆ ಸಾವಿರ ಡಾಲರ್ ಆಸುಪಾಸು, ಊರಲ್ಲಿ ಮನೆ ಸಾಲ ಇನ್ನೂ ತೀರಿಲ್ಲ. ಅಂಗಡಿಯವನೊಬ್ಬ ವೇಡರ್ಸ್ ಸಾಕು ಅಂದನಂತೆ, ಈಗ ಅದನ್ನೇ ತರುವ ಯೋಚನೆ. ನನಗೆ ಈಜು ಬಾರದು, ಹಾಗಾಗಿ ಈ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ?
— ಹೆಸರು ಬೇಡ, ಟಕೋಮಾ

ತಂಗೀ, ನೀವು ಸುಮ್ಮನೆ ಹೆದರುತ್ತಿಲ್ಲ. ನಿಮ್ಮವರಿಗೆ ಈಜು ಬರುತ್ತದೆ ಎನ್ನುವುದನ್ನೂ ನಾನು ಅನುಮಾನಿಸುವುದಿಲ್ಲ. ಆದರೆ ಅವರು ಆ ಈಜನ್ನು ಕಲಿತದ್ದು ಬೆಚ್ಚನೆಯ ನೀರಿನಲ್ಲಿ. ನಮ್ಮ ಕರಾವಳಿಯ ಸಮುದ್ರ 26 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ನಿಮ್ಮ ಮನೆ ಎದುರಿನ ಕಡಲ ಚಾಚು ಪ್ಯೂಜೆಟ್ ಸೌಂಡು ಚಳಿಗಾಲದಲ್ಲಿ 8 ಡಿಗ್ರಿ ಹತ್ತಿರ ಇರುತ್ತದೆ, ನಡು ಬೇಸಿಗೆಯಲ್ಲೂ ಹೆಚ್ಚಿನ ಕಡೆ 13-14 ಡಿಗ್ರಿಯ ಆಚೆಗೆ ಹೋಗುವುದಿಲ್ಲ. ಜುಲೈಯಲ್ಲಿ ದಡದ ಮೇಲೆ ಜನ ಟೀ ಶರ್ಟಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ, ಹತ್ತು ಹೆಜ್ಜೆ ಆಚೆ ನೀರು ಫ್ರಿಜ್ಜಿನಿಂದ ಆಗಷ್ಟೇ ತೆಗೆದಂತಿರುತ್ತದೆ. ಇಲ್ಲಿ ಕಯಾಕ್ ಇಳಿಸುವವರು ಆಕಾಶ ನೋಡಿ ಬಟ್ಟೆ ಹಾಕುವುದಿಲ್ಲ, ನೀರು ನೋಡಿ ಹಾಕುತ್ತಾರೆ. ಇವತ್ತು ನೀರೆಷ್ಟು ತಣ್ಣಗಿದೆ ಎಂದು ತಿಳಿಯಲು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದ ಉಬ್ಬರವಿಳಿತ ಕೇಂದ್ರಗಳ ಪುಟ ತೆರೆದರೆ ಸಾಕು.

ನನ್ನದೇ ಕತೆ ಹೇಳುತ್ತೇನೆ. ಈ ದೇಶಕ್ಕೆ ಬಂದ ಹೊಸತು, ಮೇ ತಿಂಗಳು, ಒಳ್ಳೆಯ ಬಿಸಿಲು. ಗೆಳತಿಯ ಕಯಾಕಿನಲ್ಲಿ ದಡದಿಂದ ಇಪ್ಪತ್ತು ಅಡಿ ದೂರದಲ್ಲಿ ಬಿದ್ದೆ. ಜೀನ್ಸು, ಸ್ವೆಟರು, ಪುಣ್ಯಕ್ಕೆ ಲೈಫ್ ಜಾಕೆಟ್ಟು. ಬಿದ್ದ ಕ್ಷಣ "ಅಯ್ಯೋ" ಅನ್ನಲೂ ಆಗಲಿಲ್ಲ. ಎದೆಗೆ ಯಾರೋ ಒದ್ದ ಹಾಗೆ, ಉಸಿರು ಒಳಗೆ ಎಳೆದದ್ದೇ ಎಳೆದದ್ದು, ಹೊರಗೆ ಬಿಡುವುದು ಹೇಗೆಂದು ಮೈಗೆ ಮರೆತೇ ಹೋಗಿತ್ತು. ಗೆಳತಿ ಎಳೆದು ದಡಕ್ಕೆ ತಂದಳು. ನೀರಲ್ಲಿ ಇದ್ದದ್ದು ಐದಾರು ನಿಮಿಷ ಇರಬಹುದು. ಕಾರಿನ ಹತ್ತಿರ ಬಂದರೆ ಬೆರಳುಗಳು ಬೀಗದ ಕೈ ಹಿಡಿಯಲಿಲ್ಲ. ಎರಡು ಅಂಗೈ ನಡುವೆ ಅದನ್ನು ಒತ್ತಿಕೊಂಡು ಬೀಗದ ತೂತು ಹುಡುಕಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅವತ್ತು ನನಗಾದದ್ದರ ಲೆಕ್ಕವನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಸುಲಭದ ಅಂಕಿಯಲ್ಲಿ ಕಟ್ಟಿಕೊಟ್ಟಿದ್ದಾರೆ. ಈ ಮನುಷ್ಯ ಸ್ವತಃ ಮಂಜುನೀರಿಗೆ ಇಳಿದು ನೋಡಿದವರು. ಒಂದು, ಹತ್ತು, ಒಂದು. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರುವುದಕ್ಕೆ. ಆಮೇಲಿನ ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಕೊನೆಯದು ಒಂದು ಗಂಟೆ, ಮೈ ಪೂರ್ತಿ ತಣ್ಣಗಾಗಿ ಪ್ರಜ್ಞೆ ತಪ್ಪುವ ತನಕದ್ದು. ಇದು ಹಿಮದಂಥ ನೀರಿನ ಲೆಕ್ಕ. ನಿಮ್ಮಲ್ಲಿ ಸ್ವಲ್ಪ ಹೆಚ್ಚು ಹೊತ್ತು ಸಿಗಬಹುದು, ಆದರೆ ಕ್ರಮ ಇದೇ. ಚಳಿಯಿಂದ ಸಾಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಈಜಿ ಬರುತ್ತೇನೆ ಎಂದು ನಿಮ್ಮವರ ಲೆಕ್ಕ ಇದ್ದೀತು. ಮೊದಲ ನಿಮಿಷದಲ್ಲಿ ತಡೆಯಲಾರದೆ ಎಳೆದ ಉಸಿರಿನ ಜೊತೆ ನೀರು ಒಳಗೆ ಹೋದರೆ ಈಜು ಬಲ್ಲವನೂ ಬಾರದವನೂ ಒಂದೇ. ಹತ್ತು ನಿಮಿಷದ ಮೇಲೆ ತೋಳೇ ಎತ್ತಲಾಗದು, ಈಜುವುದು ಯಾವುದರಿಂದ?

ಆದ್ದರಿಂದ ಲೈಫ್ ಜಾಕೆಟ್ಟಿನ ವಿಷಯದಲ್ಲಿ ನನ್ನದು ರಾಜಿಯಿಲ್ಲದ ಮಾತು. ವಾಷಿಂಗ್ಟನ್ ರಾಜ್ಯದ ಕಾನೂನು ದೋಣಿಯಲ್ಲಿ ತಲೆಗೊಂದು ಜಾಕೆಟ್ ಇರಲೇಬೇಕು ಅನ್ನುತ್ತದೆ, ಸಣ್ಣ ದೋಣಿಯಲ್ಲಿ 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಹಾಕಿಕೊಂಡೇ ಇರಬೇಕು ಅನ್ನುತ್ತದೆ. ದೊಡ್ಡವರ ಬುದ್ಧಿಯನ್ನು ಅವರಿಗೇ ಬಿಟ್ಟಿದೆ. ಸೀಟಿನ ಹಿಂದೆ ಸಿಕ್ಕಿಸಿದ ಜಾಕೆಟ್ಟು ಪೊಲೀಸರಿಗೆ ತೋರಿಸಲಿಕ್ಕೆ ಸಾಕು, ಉಸಿರು ಸಿಕ್ಕಿಕೊಂಡವನು ನೀರಲ್ಲಿ ಅದನ್ನು ಹುಡುಕಿ ಹಾಕಿಕೊಳ್ಳಲಾರ. ಗಾಳ ಹಾಕುವವರಿಗೆಂದೇ ಬೆನ್ನಿನ ಕಡೆ ಎತ್ತರಕ್ಕೆ ಫೋಮ್ ಇಟ್ಟ, ಎದೆಯ ಮೇಲೆ ಜೇಬುಗಳಿರುವ ಜಾಕೆಟ್ಟುಗಳಿವೆ. ಸೀಟಿಗೆ ಒತ್ತುವುದಿಲ್ಲ, ಇಕ್ಕಳವೂ ಜೇಬಲ್ಲೇ ಕೂರುತ್ತದೆ.

ಇನ್ನು ವೇಡರ್ಸ್. ಎದೆವರೆಗೆ ಬರುವ ಆ ರಬ್ಬರ್ ಪ್ಯಾಂಟು ಹೊಳೆಯಲ್ಲಿ ನಿಂತು ಗಾಳ ಹಾಕುವವರದ್ದು. ಮೇಲ್ಗಡೆ ಬಾಯಿ ತೆರೆದ ಕೊಡ. ಬಿದ್ದರೆ ನೀರು ಒಳಗೆ ಬರುತ್ತದೆ, ಸೊಂಟಕ್ಕೆ ಬೆಲ್ಟು ಬಿಗಿದರೆ ನಿಧಾನವಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ತುಂಬಿದ ವೇಡರ್ಸ್ ಕಲ್ಲಿನಂತೆ ತಳಕ್ಕೆಳೆಯುತ್ತದೆ ಎಂದು ಜನ ಹೇಳುವುದು ಪೂರ್ತಿ ಸರಿಯಲ್ಲ, ನೀರೊಳಗೆ ನೀರಿಗೆ ಭಾರವಿಲ್ಲ. ಬಾವಿಯಲ್ಲಿ ಮುಳುಗಿದ ಕೊಡ ಎಳೆದವರಿಗೆ ಗೊತ್ತಲ್ಲ, ನೀರಿನ ಮಟ್ಟ ಬಿಟ್ಟು ಮೇಲೆ ಬಂದಾಗಲೇ ಅದರ ನಿಜವಾದ ಭಾರ. ಕಯಾಕಿನ ಮೇಲೆ ಮತ್ತೆ ಹತ್ತುವಾಗ ಅದೇ ಆಗುತ್ತದೆ. ಹತ್ತಲಾಗದವನು ನೀರಲ್ಲೇ ಉಳಿಯುತ್ತಾನೆ, ಬೆಚ್ಚಗಿಡುವ ಗುಣವೂ ಆ ಹೊತ್ತಿಗೆ ಹೋಗಿರುತ್ತದೆ. ಅಂಗಡಿಯವನ ಮಾತನ್ನು ಅಂಗಡಿಯಲ್ಲೇ ಬಿಡಿ.

ಡ್ರೈಸೂಟ್ ಎಂದರೆ ಕುತ್ತಿಗೆ, ಮಣಿಕಟ್ಟುಗಳಲ್ಲಿ ರಬ್ಬರ್ ಪಟ್ಟಿ ಇದ್ದು ನೀರನ್ನು ಹೊರಗೇ ನಿಲ್ಲಿಸುವ ಚೀಲದಂಥ ಉಡುಪು. ಅದು ತಾನಾಗಿ ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಒಳಗೆ ಹಾಕಿದ ಉಣ್ಣೆ ಅಥವಾ ಫ್ಲೀಸ್. ಒಳಗೆ ಹತ್ತಿ ಬೇಡವೇ ಬೇಡ, ಬೆವರಿಗೆ ಒದ್ದೆಯಾದ ಬನಿಯನ್ನೂ ಸಾಕು ತಣ್ಣಗಾಗಲಿಕ್ಕೆ. ಒದ್ದೆ ಪಂಚೆ ಕಾಲಿಗೆ ಅಂಟಿಕೊಂಡು ಗಾಳಿಗೆ ನಡುಗಿಸುವುದು ನಮಗೇನು ಹೊಸತೆ? ಹೊಸ ಸೂಟಿನ ಕುತ್ತಿಗೆ ಪಟ್ಟಿ ಕತ್ತು ಹಿಸುಕಿದಂತಾಗುತ್ತದೆ, ಬಹಳ ಗಂಡಸರು ಅಲ್ಲಿಗೇ ಬೇಡ ಅನ್ನುತ್ತಾರೆ. ಪಟ್ಟಿಯ ಅಂಚು ಕತ್ತರಿಸಿ ಸಡಿಲ ಮಾಡೋಣವೆಂದು ಕತ್ತರಿ ಹಿಡಿಯುವ ಮೊದಲು ರಾತ್ರಿಯಿಡೀ ಅದನ್ನು ಅಳತೆಗೆ ಸರಿಯಾದ ಒಂದು ಪಾತ್ರೆಗೆ ಹಿಗ್ಗಿಸಿಡಿ, ಸಡಿಲವಾಗುತ್ತದೆ. ಹಾಕಿಕೊಳ್ಳುವಾಗ ಉಂಗುರ, ವಾಚು ತೆಗೆಯಬೇಕು. ಎಣ್ಣೆ ಈ ರಬ್ಬರಿನ ಶತ್ರು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿಕೊಂಡು ಹೊರಡುವ ಅಭ್ಯಾಸ ನಿಮ್ಮವರಿಗಿದ್ದರೆ ಶನಿವಾರ ಒಂದು ದಿನ ಬಿಡಲಿ. ಹಾಕಿದ ಮೇಲೆ ಕುತ್ತಿಗೆ ಪಟ್ಟಿಯನ್ನು ಬೆರಳಲ್ಲಿ ಸ್ವಲ್ಪ ಎತ್ತಿ, ಕುಕ್ಕರುಗಾಲಲ್ಲಿ ಕೂತು ಒಳಗಿನ ಗಾಳಿ ಹಿಂಡಿ ಬಿಡಬೇಕು, ಇಲ್ಲದಿದ್ದರೆ ಬಿದ್ದಾಗ ಪಾದದ ಕಡೆ ಬಲೂನು. ಜಿಪ್ಪನ್ನು ಕೊನೆಯವರೆಗೆ ಎಳೆದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು, ಜಿಪ್ಪು ಎರಡು ಬೆರಳಷ್ಟು ತೆರೆದಿದ್ದರೆ ಅದೂ ವೇಡರ್ಸೇ. ಗಾಳದ ಕೊಕ್ಕೆ ಬಟ್ಟೆಗೆ ಚುಚ್ಚುವುದಂತೂ ಖಂಡಿತ, ಆಗಾಗ ತೂತು ಹುಡುಕಿ ಅಂಟು ಹಾಕಿಸಿ.

ಒಂದು ಮುಜುಗರದ ಮಾತು. ಗಂಡಸರ ಸೂಟು ಕೊಳ್ಳುವಾಗ ಮುಂದೆ ಮೂತ್ರಕ್ಕೆ ಬೇರೆ ಜಿಪ್ಪಿರುವುದನ್ನೇ ಕೊಳ್ಳಿ, ಬೆಲೆ ಸ್ವಲ್ಪ ಹೆಚ್ಚಾದರೂ. ಇಲ್ಲದಿದ್ದರೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ, ಇಲ್ಲವೇ ನಡು ನೀರಿನಲ್ಲಿ ಸೂಟು ಅರ್ಧ ಬಿಚ್ಚುತ್ತಾರೆ. ಎರಡೂ ಒಳ್ಳೆಯದಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಾಲ ಇರುವ ಮನೆಯಲ್ಲಿ ಸಾವಿರ ಡಾಲರ್ ದೊಡ್ಡದೇ. ಆದರೆ ಕಯಾಕಿಗೆ, ಮೀನು ತೋರಿಸುವ ಯಂತ್ರಕ್ಕೆ, ಗಾಳದ ಕೋಲುಗಳಿಗೆ ಎಷ್ಟಾಯಿತು ಎಂದು ಒಂದು ಸಂಜೆ ಇಬ್ಬರೂ ಕೂತು ಬರೆಯಿರಿ, ಜಗಳಕ್ಕಲ್ಲ, ಲೆಕ್ಕಕ್ಕೆ. ಡ್ರೈಸೂಟ್ ಈಗಲೇ ಆಗದಿದ್ದರೆ 3 ಮಿಲಿಮೀಟರ್ ದಪ್ಪದ, ತೋಳಿಲ್ಲದ ನಿಯೋಪ್ರೀನ್ ವೆಟ್‌ಸೂಟ್ ತುಂಬ ಅಗ್ಗ. ಹುಟ್ಟು ಹಾಕಲು ತೋಳು ಬಿಡುವಾಗಿರುತ್ತದೆ, ಮೇಲೊಂದು ಪ್ಯಾಡ್ಲಿಂಗ್ ಜಾಕೆಟ್ ಹಾಕಬಹುದು. ಮೈಯ ಬಿಸಿ ಕಾಯುವುದು ನಿಯೋಪ್ರೀನಿನ ಒಳಗಿನ ಸಣ್ಣ ಗುಳ್ಳೆಗಳು, ಆದರೆ ಮೈಗೂ ಅದಕ್ಕೂ ನಡುವೆ ತಣ್ಣೀರು ಹರಿದಾಡಿದರೆ ಆ ಬಿಸಿ ನಿಲ್ಲದು. ಹಾಗಾಗಿ ಅದು ಚರ್ಮದಂತೆ ಅಂಟಿಕೊಂಡಿರಬೇಕು, ಹೊಟ್ಟೆ ಇಳಿದ ಮೇಲೆ ಸರಿಹೋಗುತ್ತದೆ ಎಂದು ಸಡಿಲದ್ದು ತರಬೇಡಿ. ಅದನ್ನು ಹಾಕಿಕೊಂಡು ಆಗಸ್ಟಿನಲ್ಲಿ ಲೇಕ್ ವಾಷಿಂಗ್ಟನ್ನಿಗೆ ಹೋಗಲಿ. ಆಗ ಆ ಕೆರೆಯ ಮೇಲ್ಮೈ ನೀರು 20 ಡಿಗ್ರಿ ದಾಟಿರುತ್ತದೆ, ಪರ್ಚ್ ಮೀನೂ ಸಿಗುತ್ತದೆ. ಚಳಿಗಾಲದ ಉಪ್ಪುನೀರಿಗೆ ಅದು ಸಾಲದು. ಸಾಲ್ಮನ್ನು ಡ್ರೈಸೂಟ್ ಬರುವ ತನಕ ಕಾಯುತ್ತದೆ. ಹಳೆಯ ಸೂಟು ಅಗ್ಗಕ್ಕೆ ಸಿಕ್ಕರೆ ಕುತ್ತಿಗೆ ಪಟ್ಟಿ ಎಳೆದು ನೋಡಿ. ಅಂಟಂಟಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಪಟ್ಟಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ.

ನಿಮ್ಮ ಮಾತು ನಡೆಯುವುದಿಲ್ಲ ಎಂದು ಬರೆದಿದ್ದೀರಿ. ಮಾತು ಬಿಡಿ, ನೀರೇ ಹೇಳಲಿ. ಮುಂದಿನ ಶನಿವಾರ ನೀವೂ ಜೊತೆಗೆ ಹೋಗಿ, ಕಯಾಕ್ ಬಲ್ಲ ಆ ಆಫೀಸಿನವರನ್ನೂ ಕರೆಯಿರಿ. ನಿಮ್ಮವರು ಎಂದಿನ ಜೀನ್ಸು, ಹುಡಿ ಹಾಕಿ, ಲೈಫ್ ಜಾಕೆಟ್ ಬಿಗಿದು, ದಡದ ಹತ್ತಿರ ನಿಧಾನವಾಗಿ ಎದೆಮಟ್ಟಕ್ಕೆ ಇಳಿಯಲಿ. ಅಲ್ಲಿ ಕಯಾಕ್ ಮಗುಚಿ, ನೆಟ್ಟಗೆ ಮಾಡಿ, ನೀರಿನಿಂದಲೇ ಅದರ ಮೇಲೆ ಹತ್ತಿ ತೋರಿಸಲಿ. ಬಿಪಿ, ಹೃದಯದ ತೊಂದರೆ ಏನಾದರೂ ಇದ್ದರೆ ಈ ಪರೀಕ್ಷೆ ಬೇಡವೇ ಬೇಡ. ಕಾರಿನಲ್ಲಿ ಒಣ ಬಟ್ಟೆ, ಟವೆಲು, ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಇರಲಿ. ಹತ್ತಲು ಬಂದರೂ ಬಾರದಿದ್ದರೂ, ದಡಕ್ಕೆ ಬಂದ ಮೇಲೆ ನೀವೇನೂ ಅನ್ನಬೇಡಿ, ಕಷಾಯ ಬಗ್ಗಿಸಿ ಕೊಡಿ. ಸೂಟು ಬಂದ ಮೇಲೆ ಅದೇ ಜಾಗದಲ್ಲಿ ಅದನ್ನು ಹಾಕಿಕೊಂಡು ಮತ್ತೊಮ್ಮೆ ಬೀಳಬೇಕು. ಮರಳಿ ಹತ್ತುವುದು ಅಭ್ಯಾಸವಿಲ್ಲದವನಿಗೆ ಡ್ರೈಸೂಟ್ ಕೊಡುವುದು ಹೊತ್ತನ್ನು ಮಾತ್ರ.

ಕೈಗೆ ನಿಯೋಪ್ರೀನ್ ಗವಸು, ತಲೆಗೆ ಅದೇ ಬಟ್ಟೆಯ ಕುಲಾವಿ ಮರೆಯಬೇಡಿ. ನೋಡಲು ನಮ್ಮೂರ ಮಂಕಿ ಕ್ಯಾಪಿನ ತಮ್ಮನಂತಿದೆ, ಫೋಟೋ ತೆಗೆದು ನಗಬಹುದು. ಜಾಕೆಟ್ಟಿಗೆ ಸೀಟಿ, ನೀರು ತಾಗದ ವಿಎಚ್‌ಎಫ್ ರೇಡಿಯೋ ಕಟ್ಟಿರಲಿ, 16ನೇ ಚಾನೆಲ್ಲು ಕೋಸ್ಟ್ ಗಾರ್ಡ್ ಕಿವಿಗೊಡುವ ಚಾನೆಲ್ಲು. ಒಬ್ಬರೇ ಹೋಗುವುದು ನಿಲ್ಲಲಿ. ಯಾವ ದಡದಿಂದ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಲಿ. ಬರೆದ ಹೊತ್ತು ಮೀರಿ ಫೋನೂ ಎತ್ತದಿದ್ದರೆ 911ಕ್ಕೆ ಕರೆ ಮಾಡಿ ಆ ಚೀಟಿ ಓದಿ ಹೇಳಿ. ಮೀನು ಕಚ್ಚಿತ್ತು, ಅದಕ್ಕೆ ತಡವಾಯಿತು ಎಂದು ಅವರು ನಗುತ್ತ ಬಂದು ಅಂಗಳದಲ್ಲಿ ಪೊಲೀಸ್ ಕಾರು ನೋಡಿ ನಾಚಿಕೊಂಡರೆ, ನಾಚಿಕೊಳ್ಳಲಿ ಬಿಡಿ.