ಬಾದಾಮಿ ಬಂಡೆಯ ಓರೆಗೆರೆಗಳು

ಪ್ರಶ್ನೆ: ಬಾದಾಮಿಯ ಗುಹೆಗಳಲ್ಲಿ ಬಂಡೆಯ ಮೈಮೇಲೆಲ್ಲ ಓರೆ ಗೆರೆಗಳು ಕಾಣುತ್ತವೆ. ಯಾವುದೋ ಕಾಲದ ಭೂಕಂಪಕ್ಕೆ ಬಂಡೆ ವಾಲಿದ್ದೇ ಇದಕ್ಕೆ ಕಾರಣ ಎನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಬಂಡೆಯೇ ವಾಲಿದ್ದರೆ ಅದರ ದೊಡ್ಡ ಪದರಗಳೂ ವಾಲಬೇಕಿತ್ತು. ಗುಹೆಯ ಮುಂದೆ ನಿಂತು ಅಗಸ್ತ್ಯತೀರ್ಥ ಕೆರೆಯ ಆಚೆಯ ಗುಡ್ಡ ನೋಡಿ, ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿಯೇ ಇವೆ. ಓರೆ ಇರುವುದು ಒಂದೊಂದು ಪದರದ ಒಳಗೆ ಮಾತ್ರ. ಮರಳು ಬೀಳುವಾಗಲೇ ಓರೆಯಾಗಿ ಬಿದ್ದಿದೆ.

ಹರಿಯುವ ನೀರು ತಳದ ಮರಳನ್ನು ದಿಬ್ಬಗಳಾಗಿ ಗುಡ್ಡೆಹಾಕುತ್ತದೆ. ಕಾಳುಗಳು ದಿಬ್ಬದ ಹಿಂಬದಿಯ ಇಳಿಜಾರನ್ನು ಉರುಳುತ್ತ ಹತ್ತಿ, ನೆತ್ತಿ ದಾಟಿದೊಡನೆ ಮುಂಬದಿಗೆ ಜಾರುತ್ತವೆ, ರಾಶಿಯ ಮೇಲೆ ಸುರಿದ ಜೋಳ ಜಾರುವ ಹಾಗೆ. ಜಾರಿದ ಒಂದೊಂದು ತೆಳು ಪೊರೆಯೂ ಒಂದು ಓರೆಗೆರೆ. ಗೆರೆ ಇಳಿಯುವ ದಿಕ್ಕೇ ಅಂದು ನೀರು ಹರಿದ ದಿಕ್ಕು. ಹಿಂದಿನಿಂದ ಬಂದ ದಿಬ್ಬ ಮುಂದಿನದರ ನೆತ್ತಿಯನ್ನು ಕೊರೆದು ಅದರ ಮೇಲೆ ಕೂರುತ್ತದೆ. ಹಾಗಾಗಿ ಎಷ್ಟೋ ಕಡೆ ಗೆರೆಗಳ ಮೇಲ್ತುದಿ ಕತ್ತರಿಸಿದಂತಿರುತ್ತದೆ, ಕೆಳತುದಿ ಮಾತ್ರ ಬಾಗಿ ತಳಕ್ಕೆ ಸೇರುತ್ತದೆ.

ಇದು ನಡೆದದ್ದು ಪ್ರೊಟೆರೊಝೋಯಿಕ್ ಕಾಲದ ಕೊನೆಯ ಭಾಗದಲ್ಲಿ, ಅಂದರೆ 54 ಕೋಟಿ ವರ್ಷಗಳಿಗೂ ಹಿಂದೆ. ನೆಲದ ಮೇಲೆ ಆಗ ಹುಲ್ಲಿಲ್ಲ, ಗಿಡವಿಲ್ಲ. ದಡವನ್ನು ಹಿಡಿದಿಡುವ ಬೇರುಗಳೇ ಇಲ್ಲದ್ದರಿಂದ ಹೊಳೆಗಳು ಕವಲು ಕವಲಾಗಿ, ಅಗಲಕ್ಕೆ ಹರಡಿ ಹರಿಯುತ್ತಿದ್ದವು. ಈ ಕಲ್ಲಿನಲ್ಲಿ ಎಲೆಯ ಅಚ್ಚು, ಮೀನಿನ ಮುಳ್ಳು ಹುಡುಕಿ ಫಲವಿಲ್ಲ. ಕೆಂಪು ಬಣ್ಣ ಮರಳಿನ ಕಾಳುಗಳಿಗೆ ಅಂಟಿದ ಕಬ್ಬಿಣದ ಆಕ್ಸೈಡಿನದು.

ಈ ಬಂಡೆಯಲ್ಲಿ ಗುಹೆಗಳನ್ನು ಕೊರೆದದ್ದು ಬಹಳ ಈಚೆಗೆ: ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಕೊರೆದ ಕುಶಲಕರ್ಮಿಗಳಿಗೆ ಈ ಮಟ್ಟಸ ಪದರಗಳಿಂದ ಒಳ್ಳೆಯ ಅನುಕೂಲವಾಗಿರಬೇಕು: ಚಪ್ಪಟೆ ಚಾವಣಿ ಅರ್ಧ ಸಿದ್ಧವಾಗಿಯೇ ಸಿಕ್ಕಂತೆ.

ನಿಜವಾಗಿ ವಾಲಿದ ಪದರ ನೋಡಬೇಕೆಂದರೆ ಬಾಗಲಕೋಟೆ, ಲೋಕಾಪುರದ ಕಡೆ ಹೋಗಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ಈ ಸೀಮೆಯ ಶಿಲಾಸ್ತರಗಳಿಗೆ ಕಲಾದಗಿಯ ಹೆಸರು ಕೊಟ್ಟರು. ಆಗ ಅದು ಜಿಲ್ಲಾ ಕೇಂದ್ರ. ಈ ಸ್ತರಗಳ ಕೆಳಭಾಗವಾದ ಬಾಗಲಕೋಟೆ ಗುಂಪಿನ ಬೆಣಚುಗಲ್ಲು, ಸುಣ್ಣಕಲ್ಲುಗಳು ಭೂಚಲನೆಗೆ ಸಿಕ್ಕಿ ಮಡಿಚಿಕೊಂಡಿವೆ, ಕೆಲವೆಡೆ ಕಡಿದಾಗಿ ಎದ್ದು ನಿಂತಿವೆ. ಅವು ಮಡಿಚಿ, ಎದ್ದು, ಮತ್ತೆ ಸವೆದ ಮೇಲಷ್ಟೇ ಬಾದಾಮಿಯ ಮರಳು ಬಂದು ಬಿದ್ದದ್ದು.