ರಕ್ತಶೋಧಕ ಯಂತ್ರವೂ ರೋಗಿಯ ಮುನ್ನಿರ್ಧಾರವೂ

ನಮ್ಮ ಬೆನ್ನೆಲುಬಿನ ಎರಡು ಪಾರ್ಶ್ವಗಳಲ್ಲಿ ಹುದುಗಿರುವ ಮೂತ್ರಪಿಂಡಗಳು ಹಗಲಿರುಳೂ ದುಡಿಯುವ ಶೋಧಕಗಳು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕ ಘಟಕಗಳಿವೆ. ಅವೆಲ್ಲವೂ ಕೂಡಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆಡಹುತ್ತವೆ. ಈ ಕಾರ್ಯವು ನಿಂತರೆ ಕಲ್ಮಷಗಳೂ ನೀರೂ ಶರೀರದಲ್ಲಿ ಸಂಚಯವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

1943ರಲ್ಲಿ ನೆದರ್ಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲ್ಲೆಂ ಕಾಲ್ಫ್ ಎಂಬ ವೈದ್ಯನು, ಸೆಲೊಫೇನ್ ಕೊಳವೆ ಸುತ್ತಿದ ಉರುಳೆಯನ್ನು ಲವಣದ್ರಾವಣದಲ್ಲಿ ತಿರುಗಿಸಿ ರೋಗಿಯ ರಕ್ತವನ್ನು ಶುದ್ಧಗೊಳಿಸಿದನು. ಆದರೆ ಪ್ರತಿ ಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಚಿಕಿತ್ಸೆಯನ್ನು ಬಹುಕಾಲ ಮುಂದುವರಿಸಲಾಗುತ್ತಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರನು ತೋಳಿನಲ್ಲಿಯೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ರೂಪಿಸಿ ಈ ತೊಡಕನ್ನು ನೀಗಿದನು. ಅಲ್ಲಿ ಯಂತ್ರಗಳು ಕೆಲವೇ ಇದ್ದುದರಿಂದ, ಅವು ಯಾರಿಗೆ ದೊರೆಯಬೇಕೆಂಬುದನ್ನು ನಾಗರಿಕರ ಸಮಿತಿಯೊಂದು ನಿರ್ಣಯಿಸುತ್ತಿತ್ತು. ಚಿಕಿತ್ಸೆಯನ್ನು ಯಾರಿಗೆ ಆರಂಭಿಸಬೇಕೆಂಬುದು ಅಂದಿನ ಪ್ರಶ್ನೆ. ಎಲ್ಲಿಯವರೆಗೆ ಮುಂದುವರಿಸಬೇಕು ಎಂಬುದು ಇಂದಿನದು.

ಏಕೆಂದರೆ ಡಯಾಲಿಸಿಸ್ ರೋಗವನ್ನು ಗುಣಪಡಿಸುವುದಿಲ್ಲ; ಮೂತ್ರಪಿಂಡದ ಕೆಲಸದಲ್ಲಿ ಒಂದು ಭಾಗವನ್ನು ಮಾತ್ರ ಮಾಡುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ, ರೋಗಿಯು ಯಂತ್ರದ ಪಕ್ಕದಲ್ಲಿ ಇರಬೇಕು. ಮೂತ್ರಪಿಂಡದ ಕಸಿಗಾಗಿ ಕಾದಿರುವ ತರುಣನಿಗೆ ಇದು ದಾಟಿಸುವ ಸೇತುವೆ. ಹೃದ್ರೋಗವೂ ಇರುವ ವೃದ್ಧನಿಗೆ ಇದೇ ದಿನೇ ದಿನೇ ಭಾರವಾಗಬಹುದು. ಅಂಥವನು ಒಂದು ದಿನ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡನೆನ್ನೋಣ. ಆಗ ಮಕ್ಕಳು ಆಸ್ಪತ್ರೆಯ ಬಾಗಿಲಲ್ಲಿ ನಿಂತು, ತಂದೆಯ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಬೇಕಾಗುತ್ತದೆ. ಊಹೆ ತಪ್ಪಿತೋ ಏನೋ ಎಂಬ ಅಳುಕು ಅವರನ್ನು ಬಹುಕಾಲ ಕಾಡುತ್ತದೆ.

ಈ ಸಂಕಟಕ್ಕೆ ಪರಿಹಾರವೆಂದರೆ, ಬುದ್ಧಿ ಸ್ವಸ್ಥವಾಗಿರುವಾಗಲೇ ರೋಗಿ, ವೈದ್ಯರು, ಮನೆಯವರು ಕುಳಿತು ಮಾತನಾಡುವುದು. ಯಾವ ಸ್ಥಿತಿಯ ಬಾಳು ನನಗೆ ಸಹ್ಯ? ಹೃದಯ ನಿಂತರೆ ಎದೆಯೊತ್ತಿ ಎಬ್ಬಿಸಬೇಕೆ? ನಾನು ಮಾತನಾಡಲಾರದಾಗ ನನ್ನ ಪರವಾಗಿ ಯಾರು ಹೇಳಬೇಕು? ಉತ್ತರಗಳನ್ನು ಬರೆದಿಡಬಹುದು, ಮನಸ್ಸು ಬದಲಾದರೆ ತಿದ್ದಬಹುದು. ರೋಗಿಗೆ ತಿಳಿವಳಿಕೆ ಇರುವಷ್ಟು ಕಾಲ ಅವನ ಬಾಯಿಮಾತೇ ಪ್ರಮಾಣ, ಪತ್ರವು ಅನಂತರದ್ದು.

ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಇಂಥ ಪತ್ರಕ್ಕೆ ಮಾನ್ಯತೆಯನ್ನಿತ್ತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆಯನ್ನು ಹಿಂತೆಗೆಯುವ ಮೊದಲು ಎರಡು ವೈದ್ಯಮಂಡಲಿಗಳು ಪರಿಶೀಲಿಸಬೇಕು. ಈ ತೀರ್ಪನ್ನು ಕಾರ್ಯಗತಗೊಳಿಸಲು ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಡಯಾಲಿಸಿಸ್ ನಿಲ್ಲಿಸಿದರೆ ಶುಶ್ರೂಷೆಯೂ ನಿಲ್ಲುವುದೇ ಎಂದು ಓದುಗರು ಕೇಳಬಹುದು. ಇಲ್ಲ. ಮೂತ್ರಪಿಂಡದ ಶಕ್ತಿ ಪೂರ್ಣವಾಗಿ ನಶಿಸಿದವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಕೊನೆಯುಸಿರೆಳೆಯುತ್ತಾರೆ. ಆ ದಿನಗಳಲ್ಲಿ ನೋವು, ತುರಿಕೆ, ಏದುಸಿರುಗಳನ್ನು ಶಮನಗೊಳಿಸುವುದೇ ಚಿಕಿತ್ಸೆ. ಕೊನೆಯವರೆಗೂ ಯಂತ್ರ ಬೇಕೆನ್ನುವವರ ಇಚ್ಛೆಯೂ ಇಷ್ಟೇ ಗೌರವಾರ್ಹ. ಮುನ್ನಿರ್ಧಾರವೆಂದರೆ ಬೇಡವೆನ್ನುವುದಲ್ಲ, ತನ್ನ ಮನಸ್ಸನ್ನು ತಿಳಿಯಪಡಿಸುವುದು. ಮನೆಯಲ್ಲಿ ಇಂಥ ಹಿರಿಯರಿದ್ದರೆ, ಅವರ ಮಾತನ್ನು ಕೇಳಿಸಿಕೊಳ್ಳಲು ಇಂದೇ ಸಕಾಲ.